ಕಾಯುವವರು ಕೈಕಟ್ಟಿ ಕೂರುವುದಿಲ್ಲ



ಬೆಟ್ಟ ಹತ್ತಿ ಬರುವ ಭಕ್ತಾದಿಗಳಲ್ಲಿ ಬರಿಗೈಯಲ್ಲಿ ಬರುವವರು ಕಡಿಮೆ. ಒಬ್ಬರ ಕೈಯಲ್ಲಿ ಮೇಣದಬತ್ತಿ, ಇನ್ನೊಬ್ಬರ ಕೈಯಲ್ಲಿ ಹೂವಿನ ಮಾಲೆ, ಎಲ್ಲರ ಮನಸ್ಸಿನಲ್ಲೂ ಒಂದೊಂದು ಬೇಡಿಕೆ. ಮಗನಿಗೆ ಕೆಲಸ ಸಿಗಬೇಕು, ಮಗಳಿಗೆ ಒಳ್ಳೆ ಸಂಬಂಧ ಕೂಡಿಬರಬೇಕು, ಗಲ್ಫಿಗೆ ವೀಸಾ ಆಗಬೇಕು, ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬದವರಿಗೆ ಮಗುವಾಗಬೇಕು, ಗಂಡ ಕುಡಿತ ಬಿಡಬೇಕು, ಜಾಗದ ಕೇಸು ಮುಗಿಯಬೇಕು. ಇಂಥ ಕ್ಷೇತ್ರಗಳಲ್ಲಿ ಜನ ಬರೆದು ಹಾಕುವ ಚೀಟಿಗಳಲ್ಲಿ ಕನ್ನಡ, ಕೊಂಕಣಿ, ಇಂಗ್ಲಿಷ್ ಯಾವ ಭಾಷೆ ಇದ್ದರೂ ಒಂದು ಶಬ್ದ ಮಾತ್ರ ಹೆಚ್ಚುಕಡಿಮೆ ಎಲ್ಲದರಲ್ಲಿಯೂ ಇರುತ್ತದೆ: "ಬೇಗ." ಸ್ವಾಮಿ, ಬೇಗ ಕೊಡಿ. ಆದಷ್ಟು ಬೇಗ ದಾರಿ ತೋರಿಸಿ.

ಬೇಗ ಅಂತ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಷ್ಟದಲ್ಲಿ ಇರುವವರು ನಿಧಾನವಾಗಿ ಕೊಡಿ ಅಂತ ಕೇಳುತ್ತಾರೆಯೇ? ಆದರೆ ಚೀಟಿ ಹಾಕಿದ ದಿನಕ್ಕೂ ಪ್ರಾರ್ಥನೆ ಈಡೇರುವ ದಿನಕ್ಕೂ ನಡುವೆ ಒಂದು ಕಾಲ ಇದೆ. ಕೆಲವರಿಗೆ ಅದು ಒಂಬತ್ತು ದಿನ, ಒಂದು ನೊವೇನ ಮುಗಿಯುವುದರೊಳಗೆ ಆಗಿಬಿಡುತ್ತದೆ. ಕೆಲವರಿಗೆ ಒಂಬತ್ತು ವರ್ಷ. ಈ ನಡುವಿನ ಕಾಲದಲ್ಲಿ ಕ್ರೈಸ್ತ ವಿಶ್ವಾಸಿಯಾದವನು ಏನು ಮಾಡಬೇಕು ಎಂಬುದನ್ನು ಯಾರೂ ಹೆಚ್ಚಾಗಿ ಕೇಳುವುದಿಲ್ಲ. ಪ್ರಾರ್ಥನೆ ಹೇಗೆ ಮಾಡಬೇಕು, ಎಷ್ಟು ಮೇಣದಬತ್ತಿ ಹಚ್ಚಬೇಕು, ಯಾವ ವಾರ ಬರಬೇಕು, ಇದನ್ನೆಲ್ಲ ಕೇಳುತ್ತಾರೆ. ಮನೆಗೆ ಹೋದ ಮೇಲೆ ಎಂತ ಮಾಡಬೇಕು ಅಂತ ಕೇಳುವವರು ಕಡಿಮೆ.

ಕಾಯುವುದು ಅಂದರೆ ಸುಮ್ಮನೆ ಕೂರುವುದು ಎಂದು ತಿಳಿದವರು ಇಂದಿನವರು ಮಾತ್ರ ಅಲ್ಲ. ಸಂತ ಪೌಲರ ಕಾಲದಲ್ಲಿಯೇ ಅಂಥವರಿದ್ದರು. ಥೆಸಲೋನಿಕ ಪಟ್ಟಣದ ಕ್ರೈಸ್ತರಲ್ಲಿ ಕೆಲವರು ದುಡಿಯುವುದನ್ನೇ ಬಿಟ್ಟಿದ್ದರು. ಪ್ರಭು ಯೇಸು ಇನ್ನೇನು ಬಂದೇಬಿಡುತ್ತಾರೆ ಎಂಬ ಸುದ್ದಿಯೂ ಆಗ ಅಲ್ಲಿ ಹಬ್ಬಿತ್ತು. ಬರುವುದು ಖಂಡಿತ ಎಂದ ಮೇಲೆ ಹೊಲ ಉಳುವುದು ಯಾಕೆ, ಅಂಗಡಿ ತೆರೆಯುವುದು ಯಾಕೆ? ಬೇರೆಯವರ ಮನೆಯ ಊಟ ಮಾಡಿಕೊಂಡು, ಊರಿನವರ ವಿಷಯ ಮಾತಾಡಿಕೊಂಡು ದಿನ ಕಳೆಯುತ್ತಿದ್ದರು. ಅವರಿಗೆ ಪೌಲರು ಬರೆದ ಎರಡನೆಯ ಪತ್ರದಲ್ಲಿ ಮೃದುವಾದ ಮಾತಿಲ್ಲ. ದುಡಿಯಲು ಮನಸ್ಸಿಲ್ಲದವನಿಗೆ ಊಟವೂ ಬೇಡ ಎಂಬ ಅರ್ಥದಲ್ಲಿ ನೇರವಾಗಿಯೇ ಹೇಳಿದರು. ಹಾಗೆ ಹೇಳುವ ಹಕ್ಕು ಅವರಿಗೆ ಇತ್ತು. ಯಾಕೆಂದರೆ ಆ ಊರಿನಲ್ಲಿ ಇದ್ದಾಗ ಅವರು ಹಗಲೂ ರಾತ್ರಿಯೂ ಕೈಯಾರೆ ದುಡಿದು ಉಂಡವರು. ಡೇರೆ ಹೊಲಿಯುವುದು ಅವರ ಕಸುಬು.

ಹಳೆಯ ಒಡಂಬಡಿಕೆಗೆ ಹೋದರೆ ಪ್ರವಾದಿ ಯೆರೆಮೀಯನ ಕಾಗದ ಒಂದಿದೆ. ಜೆರುಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದ ಜನರಿಗೆ ಬರೆದದ್ದು. ಅವರೆಲ್ಲ ನಾಳೆ ಬಿಡುಗಡೆ, ನಾಡಿದ್ದು ಬಿಡುಗಡೆ ಅಂತ ಗಂಟುಮೂಟೆ ಕಟ್ಟಿಕೊಂಡೇ ಕೂತಿದ್ದರು. ಬೇಗ ಬಿಡುಗಡೆ ಆಗುತ್ತದೆ ಎಂದು ಹೇಳುವ ಸುಳ್ಳು ಪ್ರವಾದಿಗಳೂ ಇದ್ದರು. ಜನರಿಗೆ ಕೇಳಲು ಹಿತವಾದ ಮಾತು ಹೇಳುವವರು ಯಾವ ಕಾಲದಲ್ಲಿ ಇಲ್ಲ? ಯೆರೆಮೀಯ ಹಾಗೆ ಹೇಳಲಿಲ್ಲ. ಎಪ್ಪತ್ತು ವರ್ಷ ಆಗುತ್ತದೆ ಎಂದ. ಅಲ್ಲಿಯವರೆಗೆ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿಸಿ, ನೀವಿರುವ ಆ ಪರದೇಶದ ಊರಿನ ಒಳ್ಳೆಯದಕ್ಕಾಗಿಯೂ ಪ್ರಾರ್ಥಿಸಿ ಎಂದು ದೇವರ ಹೆಸರಿನಲ್ಲಿ ಬರೆದ. ಬಿಡುಗಡೆಯ ಮಾತು ಸುಳ್ಳಲ್ಲ. ಆದರೆ ಅದು ಬರುವ ತನಕ ಬದುಕನ್ನು ಕಟ್ಟಿಡಬೇಡಿ ಎಂದದ್ದು.

ಇದು ದೂರದೇಶದ ಕಥೆ ಎನಿಸಿದರೆ, ಈ ಮುಡಿಪು ಬೆಟ್ಟದ ಮಟ್ಟಿಗೆ ಹತ್ತಿರದ ಕಥೆ ಒಂದಿದೆ. ಇಲ್ಲಿಗೆ ಬರುವವರಿಗೆಲ್ಲ ಸಂತ ಜೋಸೆಫ್ ವಾಜ್ ಎಂಬ ಹೆಸರು ಗೊತ್ತು. ಬಂಡೆಯ ಮೇಲೆ ಅವರು ಮೊಣಕಾಲೂರಿ ಪ್ರಾರ್ಥಿಸಿದ್ದು, ನೀರಿನ ಒರತೆ ಎದ್ದದ್ದು, ಹಿರಿಯರು ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಆ ಸಂಗತಿಯೂ ಗೊತ್ತು. ತೀರ್ಥ ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಆದರೆ ಅವರು ನಮ್ಮ ಊರಿಗೆ ಬಂದದ್ದು ಹೇಗೆ ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಅವರು ಇಲ್ಲಿಗೆ ಬರಬೇಕು ಅಂತ ಬಂದವರಲ್ಲ. ಅವರಿಗೆ ಬೇಕಾಗಿದ್ದದ್ದು ಬೇರೆ ಊರು.

ಜೋಸೆಫ್ ವಾಜ್ ಹುಟ್ಟಿದ್ದು ಗೋವಾದ ಬೆನಾವ್ಲಿಯಲ್ಲಿ, 1651ರ ಏಪ್ರಿಲ್ 21ರಂದು. ಗುರುದೀಕ್ಷೆ ಆದದ್ದು 1676ರಲ್ಲಿ. ಮರುವರ್ಷವೇ, 1677ರಲ್ಲಿ, ತನ್ನನ್ನು ಮಾತೆ ಮರಿಯಳ ದಾಸನೆಂದು ಪತ್ರ ಬರೆದು ಒಪ್ಪಿಸಿಕೊಂಡರು. ಅಲ್ಲಿಂದಾಚೆ ಅವರ ಮನಸ್ಸಿನಲ್ಲಿ ನೆಟ್ಟದ್ದು ಸಿಲೋನ್, ಈಗಿನ ಶ್ರೀಲಂಕಾ. ಅಲ್ಲಿ ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ಜಾಫ್ನಾ ಹಿಡಿದು ಪೋರ್ಚುಗೀಸರನ್ನು ಓಡಿಸಿದ್ದರು. ಕಥೋಲಿಕ ಗುರುಗಳಿಗೆ ಅಲ್ಲಿ ಕಾಲಿಡಲು ಬಿಡುತ್ತಿರಲಿಲ್ಲ. ಗುರುವನ್ನು ಮನೆಯಲ್ಲಿ ಅಡಗಿಸಿಟ್ಟವರಿಗೆ ಮರಣದಂಡನೆ ಎಂದು ಆಜ್ಞೆ ಹೊರಡಿಸಿದ್ದರು. ಸಾವಿರಾರು ಕ್ರೈಸ್ತರು ಬಲಿಪೂಜೆ ಇಲ್ಲದೆ, ಪಾಪನಿವೇದನೆ ಇಲ್ಲದೆ, ಸಾಯುವಾಗ ತಲೆಯ ಮೇಲೆ ಕೈಯಿಡಲು ಒಬ್ಬ ಗುರು ಇಲ್ಲದೆ ಇದ್ದರು. ಈ ಸುದ್ದಿ ಕೇಳಿದ ತರುಣ ಗುರುವಿಗೆ ನಿದ್ದೆ ಬರುವುದಾದರೂ ಹೇಗೆ? ಸಿಲೋನಿಗೆ ನನ್ನನ್ನು ಕಳಿಸಿ ಎಂದು ಗೋವಾದ ಧರ್ಮಾಧಿಕಾರಿಗಳ ಮುಂದೆ ಹೋಗಿ ನಿಂತರು.

ಅವರು ಕಳಿಸಲಿಲ್ಲ. ಕೆನರಾಕ್ಕೆ ಹೋಗು ಎಂದರು.

ಒಂದು ಕ್ಷಣ ಇಲ್ಲಿ ನಿಂತು ಯೋಚಿಸಿ. ಕೇಳಿದ್ದು ಒಂದು, ಸಿಕ್ಕಿದ್ದು ಇನ್ನೊಂದು. ಅದೂ ದೇವರ ಕೆಲಸಕ್ಕೇ ಕೇಳಿದ್ದು, ತನ್ನ ಸುಖಕ್ಕೆ ಅಲ್ಲ. ಕೆನರಾದಲ್ಲಿ ಆಗ ಇದ್ದದ್ದು ನೆಮ್ಮದಿಯ ಸ್ಥಿತಿಯೂ ಅಲ್ಲ. ಪೋರ್ಚುಗೀಸ್ ರಾಜನ ಹಕ್ಕಿನಲ್ಲಿ ಗೋವಾದವರು ಒಂದು ಕಡೆ, ರೋಮ್‌ನಿಂದ ನೇರವಾಗಿ ನೇಮಕಗೊಂಡ ಬಿಷಪ್ ಥಾಮಸ್ ಡಿ ಕಾಸ್ತ್ರೊ ಇನ್ನೊಂದು ಕಡೆ. ಇಬ್ಬರಲ್ಲಿ ಯಾರ ಮಾತು ಕೇಳಬೇಕು, ಯಾರು ಕೊಟ್ಟ ಸಂಸ್ಕಾರ ಸರಿ ಎಂದು ಜನರಲ್ಲಿ ಗೊಂದಲ. ಧರ್ಮಸಭೆಯೊಳಗಿನ ಜಗಳ ಬಿಡಿಸುವುದು ಎಷ್ಟು ಕಷ್ಟ ಎಂಬುದು ವಾರ್ಡಿನ ಗುರಿಕಾರರಾಗಿ ಕೆಲಸ ಮಾಡಿದ ಯಾರನ್ನಾದರೂ ಕೇಳಿ ನೋಡಿ, ಹೇಳುತ್ತಾರೆ.

1681ರಲ್ಲಿ ಅವರು ಕೆನರಾಕ್ಕೆ ಬಂದರು. ಆಗ ಈ ಸೀಮೆಯನ್ನು ಆಳುತ್ತಿದ್ದದ್ದು ಕೆಳದಿಯ ರಾಣಿ ಚೆನ್ನಮ್ಮಾಜಿ. ಮೂರು ವರ್ಷ, 1684ರ ತನಕ, ಮಂಗಳೂರು, ಬಸ್ರೂರು, ಬಾರ್ಕೂರು, ಮೂಲ್ಕಿ, ಕಲ್ಯಾಣಪುರ, ಗಂಗೊಳ್ಳಿ ಈ ಕಡೆಗಳಲ್ಲೆಲ್ಲ ಬರಿಗಾಲಲ್ಲಿ ತಿರುಗಿದರು. ಚದುರಿದ ಕುಟುಂಬಗಳನ್ನು ಹುಡುಕಿ ಕೂಡಿಸಿದರು. ಮಕ್ಕಳಿಗೆ ಶಾಲೆ ನಡೆಸಿದರು, ಭಕ್ತರ ಸಂಘಗಳನ್ನು ಕಟ್ಟಿದರು, ಬಿಷಪರ ಕಡೆಯವರ ಜೊತೆ ಜಗಳವಾಡದೆ ರಾಜಿಯ ದಾರಿ ಹುಡುಕಿದರು. ಸಿಲೋನ್ ಸಿಗಲಿಲ್ಲವೆಂದು ಮುಖ ಊದಿಸಿಕೊಂಡು ಅರ್ಧ ಮನಸ್ಸಿನ ಕೆಲಸ ಮಾಡಿದ್ದರೆ ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ ಈ ಬೆಟ್ಟದಲ್ಲಿ ಯಾರಾದರೂ ಅವರ ಹೆಸರು ಹೇಳುತ್ತಿದ್ದರೇ? ಅವರಿಗೆ ನಮ್ಮ ಊರು ದಾರಿಯ ಮೇಲಿನ ತಂಗುದಾಣ. ಆದರೂ ಇದೇ ತನ್ನ ಕೊನೆಯ ಊರು ಎಂಬ ಹಾಗೆ ದುಡಿದರು.

ಆಮೇಲೂ ಸಿಲೋನ್ ಕೂಡಲೇ ಆಗಲಿಲ್ಲ. ಗೋವಾಕ್ಕೆ ಹಿಂದಿರುಗಿದರು. ಅಲ್ಲಿ ಭಾರತೀಯ ಗುರುಗಳೇ ಕೆಲವರು ಸೇರಿ ಒಂದು ಸಂಘವಾಗಿ ಬಾಳತೊಡಗಿದ್ದರು. 1685ರಲ್ಲಿ ಅವರ ಜೊತೆ ಸೇರಿದರು. ಅವರನ್ನೇ ಹಿರಿಯರನ್ನಾಗಿ ಆರಿಸಿದರು. ಅದೇ ಗೋವಾದ ಒರೆಟರಿ ಸಂಘ. ಮುಂದೆ ಸಿಲೋನಿಗೆ ಒಬ್ಬರ ಹಿಂದೆ ಒಬ್ಬರಂತೆ ಗುರುಗಳನ್ನು ಕಳಿಸಿದ್ದು ಈ ಸಂಘವೇ. ಮೊದಲು ಕೇಳಿದಾಗಲೇ ಸಿಲೋನಿಗೆ ಹೋಗಿದ್ದರೆ ಒಬ್ಬರೇ ಹೋಗಿ ಒಬ್ಬರೇ ಮುಗಿಯುತ್ತಿದ್ದರೋ ಏನೋ. ತಡವಾದದ್ದರಿಂದ ಅವರ ಹಿಂದೆ ಒಂದು ಸಂಘ ನಿಂತಿತು. ಆದರೆ ಇದನ್ನು ಅವರು ಆಗ ಹೇಗೆ ತಿಳಿಯಬೇಕು? ಆಗ ಗೊತ್ತಿದ್ದದ್ದು ದಿನದ ಕೆಲಸ ಮಾತ್ರ.

1686ರಲ್ಲಿ ಗೋವಾ ಬಿಟ್ಟು, ಮತ್ತೆ ನಮ್ಮ ಕೆನರಾದ ಮೇಲೇ ಹಾದು, ತೂತುಕುಡಿಗೆ ಹೋಗಿ, 1687ರಲ್ಲಿ ಜಾನ್ ಎಂಬ ಸೇವಕನ ಜೊತೆ ಕೂಲಿಯಾಳಿನ ವೇಷದಲ್ಲಿ ಜಾಫ್ನಾ ಮುಟ್ಟಿದರು. ಇಳಿದ ಕೂಡಲೇ ಭೇದಿಯಾಗಿ ಸಾಯುವ ಸ್ಥಿತಿ ಬಂತು. ಯಾರೋ ಪುಣ್ಯಾತ್ಮರು ಕೊಟ್ಟ ಗಂಜಿಯಿಂದ ಬದುಕಿದರು. ಎದ್ದು ಓಡಾಡುವಂತಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೊರಟರು. ಜಪಸರ ಕಂಡು ಯಾರ ಮುಖದಲ್ಲಿ ಭಕ್ತಿ ಕಾಣುತ್ತದೆ ನೋಡುವುದಕ್ಕೆ! ಕ್ರೈಸ್ತರನ್ನು ಹುಡುಕುವ ಈ ಉಪಾಯ ಎಷ್ಟು ಸರಳ, ಎಷ್ಟು ಅಪಾಯದ್ದು. ಒಬ್ಬರು ಹೋಗಿ ಡಚ್ಚರಿಗೆ ಹೇಳಿದ್ದರೆ ಮುಗಿಯಿತು.

1692ರಲ್ಲಿ ಒಳನಾಡಿನ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂದು ದೂರು ಬಿದ್ದು ಸೆರೆಯಾದರು. ಅಲ್ಲಿನ ರಾಜ ಎರಡನೆಯ ವಿಮಲಧರ್ಮಸೂರ್ಯ ಬೌದ್ಧ. ಮುಂದಿನ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ: ಮಳೆಯಿಲ್ಲದೆ ನಾಡು ಒಣಗಿದಾಗ ವಾಜ್ ಗುರುಗಳು ಶಿಲುಬೆಯ ಮುಂದೆ ಮೊಣಕಾಲೂರಿ ಪ್ರಾರ್ಥಿಸಿದರು, ಮಳೆ ಸುರಿಯಿತು, ರಾಜ ಅವರಿಗೆ ತನ್ನ ರಾಜ್ಯದಲ್ಲಿ ಧರ್ಮ ಸಾರಲು ಅನುಮತಿ ಕೊಟ್ಟ. ಈ ಪವಾಡ ಎಲ್ಲ ಪುಸ್ತಕಗಳಲ್ಲಿಯೂ ಬರುತ್ತದೆ, ಪ್ರವಚನಗಳಲ್ಲಿಯೂ ಬರುತ್ತದೆ. ಬರಬೇಕಾದದ್ದೇ. ಆದರೆ ಮಳೆಗಿಂತ ಮುಂಚೆ ಸೆರೆಮನೆಯಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದು ಕಾಯುವ ಜನರಿಗೆ ಮಳೆಗಿಂತ ಹೆಚ್ಚು ಬೇಕಾದ ಸಂಗತಿ.

ಅಲ್ಲಿ ಅವರು ಸಿಂಹಳ ಭಾಷೆ ಕಲಿತರು.

ಬಿಡುಗಡೆ ಯಾವಾಗ ಎಂದು ಗೊತ್ತಿಲ್ಲ. ಬಿಡುಗಡೆಯೋ ಗಲ್ಲೋ ಎಂದೂ ಗೊತ್ತಿಲ್ಲ. ಅಂಥಲ್ಲಿ ಕೂತು ಒಬ್ಬ ನಲವತ್ತು ದಾಟಿದ ಮನುಷ್ಯ ಹೊಸ ಭಾಷೆಯ ಅಕ್ಷರ ತಿದ್ದುತ್ತಾನೆ ಅಂದರೆ ಅದಕ್ಕಿಂತ ದೊಡ್ಡ ವಿಶ್ವಾಸ ಯಾವುದಿದೆ? ದೇವರು ನನ್ನನ್ನು ಇಲ್ಲಿಂದ ಹೊರಗೆ ಕರೆದುಕೊಂಡು ಹೋಗುತ್ತಾರೆ, ಹೋದ ದಿನ ನನಗೆ ಈ ಜನರ ಮಾತು ಬರಬೇಕು ಎಂಬ ನಂಬಿಕೆ ಇದ್ದವರು ಮಾತ್ರ ಹೀಗೆ ಮಾಡಬಲ್ಲರು. ಕಾವಲು ಸ್ವಲ್ಪ ಸಡಿಲವಾದ ಮೇಲೆ ಒಂದು ಗುಡಿಸಲು ಹಾಕಿ ಪೂಜಾಪೀಠ ಮಾಡಿಕೊಂಡರು. ವರ್ಷಗಟ್ಟಲೆ ಗುರುವಿನ ಮುಖ ಕಾಣದಿದ್ದ ಕ್ರೈಸ್ತರು ಒಬ್ಬೊಬ್ಬರಾಗಿ ಅಲ್ಲಿಗೇ ಬರತೊಡಗಿದರು. ಮಳೆ ಬಂದು ಬಾಗಿಲು ತೆರೆದಾಗ ಅವರು ಬಾಗಿಲಾಚೆ ಹೋಗಲು ತಯಾರಾಗಿ ನಿಂತಿದ್ದರು. ತಯಾರಾಗದೆ ಇದ್ದವರಿಗೆ ಬಾಗಿಲು ತೆರೆದರೂ ಏನು ಉಪಯೋಗ? ಯೇಸುಸ್ವಾಮಿ ಹೇಳಿದ ಹತ್ತು ಕನ್ಯೆಯರ ಸಾಮತಿಯಲ್ಲಿ ಮದುಮಗ ತಡಮಾಡಿದ. ಹತ್ತು ಜನರೂ ತೂಕಡಿಸಿದರು, ಅದಕ್ಕಾಗಿ ಯಾರನ್ನೂ ಬೈಯಲಿಲ್ಲ. ಐದು ಜನ ಹೊರಗುಳಿದದ್ದು ದೀಪಕ್ಕೆ ಎಣ್ಣೆ ತರದೆ ಇದ್ದದ್ದರಿಂದ.

ಸಹಾಯಕ್ಕೆ ಇನ್ನಿಬ್ಬರು ಗುರುಗಳು ಗೋವಾದಿಂದ ಬಂದದ್ದು 1696ರ ಹೊತ್ತಿಗೆ. ಅಲ್ಲಿಯವರೆಗೆ ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಇವರೊಬ್ಬರೇ ಗುರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ರಾಜನೇ ಊರು ಬಿಟ್ಟ, ಜನ ತಮ್ಮ ರೋಗಿಗಳನ್ನು ಕಾಡಿನಲ್ಲಿ ಬಿಟ್ಟು ಓಡಿದರು. ವಾಜ್ ಗುರುಗಳೂ ಅವರ ಜೊತೆಗಿದ್ದ ಗುರು ಜೋಸೆಫ್ ಕರ್ವಾಲೊ ಅವರೂ ಉಳಿದುಕೊಂಡು ಜಾತಿಧರ್ಮ ನೋಡದೆ ರೋಗಿಗಳ ಗಾಯ ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಹೂಳಿದರು.

ಇನ್ನು ಬೆಟ್ಟ ಹತ್ತಿ ಬಂದವರ ವಿಷಯ. ಗಲ್ಫಿನ ವೀಸಾಕ್ಕೆ ಅರ್ಜಿ ಹಾಕಿ ಎರಡು ವರ್ಷದಿಂದ ಸೇತುವೆ ಕಟ್ಟೆಯ ಮೇಲೆ ಬೈಕ್ ನಿಲ್ಲಿಸಿ ಮೊಬೈಲ್ ನೋಡುತ್ತಾ ಕೂತಿರುವ ಹುಡುಗರು ಎಲ್ಲ ಊರಿನಲ್ಲಿಯೂ ಇದ್ದಾರೆ. ಅವರ ತಾಯಂದಿರು ಇಲ್ಲಿ ಬಂದು ಕಣ್ಣೀರು ಹಾಕುತ್ತಾರೆ. ವೀಸಾ ಬರಲಿ ಎಂದು ಪ್ರಾರ್ಥಿಸುವುದು ಸರಿ. ಅದು ಬರುವ ತನಕ ಮಗ ವೈರಿಂಗ್ ಕೆಲಸವನ್ನೋ ಎಸಿ ರಿಪೇರಿಯನ್ನೋ ಕಲಿಯಲಿ, ಅಪ್ಪನ ಅಡಿಕೆ ತೋಟಕ್ಕೆ ಒಂದು ದಿನ ಇಳಿಯಲಿ. ಸೆರೆಮನೆಯಲ್ಲಿ ಸಿಂಹಳ ಕಲಿಯಬಹುದಾದರೆ ಸ್ವಂತ ಮನೆಯಲ್ಲಿ ಕೂತು ಒಂದು ಕಸುಬು ಕಲಿಯಲಿಕ್ಕೆ ಆಗುವುದಿಲ್ಲವಾ?

ಅಣ್ಣತಮ್ಮಂದಿರ ನಡುವೆ ಜಾಗದ ಕೇಸು ಇರುವವರು ಹರಕೆ ಹೇಳಿಕೊಳ್ಳುತ್ತಾರೆ. ಹೆಚ್ಚಿನವರು ಕೇಳುವುದು ತೀರ್ಪು ತಮ್ಮ ಕಡೆ ಆಗಲಿ ಅಂತ. ಕೋರ್ಟಿನಲ್ಲಿ ತಾರೀಕಿನ ಮೇಲೆ ತಾರೀಕು ಬೀಳುತ್ತದೆ, ಅದು ನಿಮ್ಮ ಕೈಯಲ್ಲಿ ಇಲ್ಲ. ಅಣ್ಣನ ಮಗಳ ಮದುವೆಗೆ ಹೋಗುವುದು ನಿಮ್ಮ ಕೈಯಲ್ಲಿದೆ. ಅತ್ತಿಗೆ ಆಸ್ಪತ್ರೆಯಲ್ಲಿದ್ದರೆ ಹೋಗಿ ನೋಡಿ ಬರುವುದು ನಿಮ್ಮ ಕೈಯಲ್ಲಿದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಸಹೋದರನ ಜೊತೆ ಒಂದಾಗು ಎಂದು ಯೇಸುಸ್ವಾಮಿ ಹೇಳಿದ್ದಾರೆ. ಕೇಸು ಮುಗಿದ ಮೇಲೆ ಒಂದಾಗು ಎಂದು ಹೇಳಿದ್ದಲ್ಲ.

ಮಕ್ಕಳಿಗಾಗಿ ಕಾಯುತ್ತಿರುವ ದಂಪತಿಗಳ ಹತ್ತಿರ ಹೀಗೆಲ್ಲ ಸುಲಭವಾಗಿ ಮಾತಾಡಬಾರದು. ಅವರ ನೋವು ಅವರಿಗೇ ಗೊತ್ತು. ಜ್ಞಾನಸ್ನಾನದ ಊಟಕ್ಕೆ ಕರೆದಾಗ ಹೋಗಲೂ ಆಗದೆ ಬಿಡಲೂ ಆಗದೆ ಒದ್ದಾಡುವವರು ಅವರು. ನೆಂಟರು ಬಾಯಿಗೆ ಬಂದದ್ದನ್ನು ಕೇಳುತ್ತಾರೆ. ಅವರಿಗೆ ಇಷ್ಟೇ ಹೇಳಬಹುದು: ಗಂಡ ಹೆಂಡತಿ ಒಬ್ಬರನ್ನೊಬ್ಬರು ದೂರದೆ ಇರಿ. ಈ ಕಾಯುವಿಕೆಯಲ್ಲಿ ಮೊದಲು ಒಣಗುವುದು ಆ ಪ್ರೀತಿ. ಜಕರೀಯ ಎಲಿಜಬೇತ್ ಇಬ್ಬರೂ ಮುಪ್ಪಿನವರೆಗೆ ಕಾದರು, ಜಕರೀಯ ಗುಡಿಯ ಸೇವೆಯ ಸರದಿಯನ್ನು ತಪ್ಪಿಸಲಿಲ್ಲ. ದೇವದೂತ ಬಂದದ್ದು ಆ ಸರದಿಯ ಹೊತ್ತಿಗೇ.

ಇದನ್ನೆಲ್ಲ ಓದಿ ಒಂದು ಲೆಕ್ಕ ಹಾಕುವವರಿದ್ದಾರೆ: ಸರಿ, ನಾವು ನಮ್ಮ ಕೆಲಸ ಮಾಡಿದರೆ ದೇವರು ಬೇಗ ಕೊಡುತ್ತಾರೆ. ಹಾಗಲ್ಲ. ದೇವರ ಜೊತೆ ವ್ಯಾಪಾರ ನಡೆಯುವುದಿಲ್ಲ. ದುಡಿಮೆ ಅಂದರೆ ದೇವರಿಗೆ ಕೊಡುವ ಮುಂಗಡ ಹಣವಲ್ಲ. ಕೊಡುವುದು ಬಿಡುವುದು ಅವರ ಕೃಪೆ. ಆದರೆ ಕಾಯುವ ದಿನವೂ ಅವರೇ ಕೊಟ್ಟ ದಿನ. ಕನ್ನಡದಲ್ಲಿ ದೇವರಿಗೆಂದು ಬೇರೆಯಾಗಿ ಎತ್ತಿಟ್ಟದ್ದಕ್ಕೆ ಮುಡಿಪು ಅನ್ನುತ್ತಾರಲ್ಲ, ಈ ಊರಿನ ಹೆಸರೂ ಅದೇ. ಬೇಡಿಕೆ ಈಡೇರಿದ ಮೇಲೆ ಹರಕೆ ತೀರಿಸುತ್ತೇವೆ ಎನ್ನುವವರು, ಈಡೇರುವುದಕ್ಕೆ ಮುಂಚಿನ ದಿನಗಳನ್ನೇ ಮುಡಿಪು ಇಡಬಹುದಲ್ಲ.

ಎದ್ದು ನಡೆಯಲಾರದ ರೋಗಿಗಳು, ವಯಸ್ಸಾದವರು ಏನು ಮಾಡಬೇಕು ಎಂದು ಕೇಳಬಹುದು. ಜೆರುಸಲೇಮಿನ ದೇವಾಲಯದಲ್ಲಿ ಅನ್ನ ಎಂಬ ಪ್ರವಾದಿನಿ ಇದ್ದಳು. ಚಿಕ್ಕ ವಯಸ್ಸಿಗೇ ವಿಧವೆಯಾದವಳು, ಆಗ ಎಂಬತ್ತನಾಲ್ಕರ ಮುದುಕಿ. ಉಪವಾಸ ಮತ್ತು ಪ್ರಾರ್ಥನೆ ಎರಡೇ ಅವಳ ಕೆಲಸ. ಮಾತೆ ಮರಿಯ ಬಾಲಯೇಸುವನ್ನು ಎತ್ತಿಕೊಂಡು ಬಂದ ದಿನ ಅವಳು ಅಲ್ಲೇ ಇದ್ದಳು, ನೋಡಿದಳು, ಇತರರಿಗೂ ಹೇಳಿದಳು. ಹಾಸಿಗೆಯಲ್ಲಿ ಮಲಗಿ ಮನೆಯವರ ಹೆಸರು ಹೇಳಿ ಒಂದೊಂದು ಜಪಸರ ಮುಗಿಸುವ ಅಜ್ಜಿಯಂದಿರು ನಮ್ಮ ಮನೆಗಳಲ್ಲಿ ಎಷ್ಟು ಜನ ಇಲ್ಲ! ಅವರು ಕೆಲಸವಿಲ್ಲದೆ ಇದ್ದಾರೆ ಎಂದು ಹೇಳುವ ಧೈರ್ಯ ಯಾರಿಗಿದೆ?

ಕಾದರೂ ಸಿಗದೆ ಹೋಗುವುದೂ ಉಂಟು. ಇದನ್ನು ಬಚ್ಚಿಡಬಾರದು. ಸಂತ ಜೋಸೆಫ್ ವಾಜ್ ಅವರಿಗೂ ಎಲ್ಲವೂ ಸಿಗಲಿಲ್ಲ. ಸಿಲೋನಿನ ಕ್ರೈಸ್ತರು ಹೆದರಿಕೆಯಿಲ್ಲದೆ ಬಲಿಪೂಜೆಗೆ ಹೋಗುವುದನ್ನು ನೋಡಬೇಕೆಂಬ ಆಸೆ ಅವರಿಗೆ ಇರದೆ ಇರುತ್ತದೆಯೇ? 1711ರ ಜನವರಿ 16ರಂದು, ಅರವತ್ತು ತುಂಬುವ ಮುಂಚೆಯೇ, ಅವರು ಕ್ಯಾಂಡಿಯಲ್ಲಿ ತೀರಿಕೊಂಡಾಗ ಕರಾವಳಿಯಲ್ಲಿ ಡಚ್ಚರ ಕಾನೂನು ಹಾಗೆಯೇ ಇತ್ತು. 1796ರಲ್ಲಿ ಇಂಗ್ಲಿಷರು ಬಂದರು. ಕಥೋಲಿಕರ ಮೇಲಿನ ಕಟ್ಟಳೆಗಳು ರದ್ದಾದದ್ದು 1806ರಲ್ಲಿ, ಅವರು ತೀರಿ ತೊಂಬತ್ತೈದು ವರ್ಷ ಕಳೆದ ಮೇಲೆ. ಅಷ್ಟರ ತನಕ ವಿಶ್ವಾಸ ಆರದಂತೆ ಉಳಿಸಿದ್ದು ಅವರ ಹಿಂದೆ ಹೋದ ಗುರುಗಳು, ಅದರಲ್ಲೂ 1705ರಲ್ಲಿ ಬಂದ ಜಾಕೋಮ್ ಗೊನ್ಸಾಲ್ವಿಸ್ ಗುರುಗಳು ಸಿಂಹಳ ಮತ್ತು ತಮಿಳಿನಲ್ಲಿ ಬರೆದ ಪುಸ್ತಕಗಳು, ಹಾಗೆಯೇ ಮನೆಮನೆಯಲ್ಲಿ ಮಕ್ಕಳಿಗೆ ಜಪ ಕಲಿಸಿದ ತಾಯಂದಿರು.

ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1995ರ ಜನವರಿ 21ರಂದು ಕೊಲಂಬೊದಲ್ಲಿ ಅವರಿಗೆ ಪುನೀತ ಪದವಿ ಕೊಟ್ಟರು. 2015ರ ಜನವರಿ 14ರಂದು ಅದೇ ಊರಿನಲ್ಲಿ ಜಗದ್ಗುರು ಫ್ರಾನ್ಸಿಸರು ಸಂತರೆಂದು ಸಾರಿದರು. ಕ್ಯಾಂಡಿಯಲ್ಲಿ ಅವರ ಸಮಾಧಿ ಎಲ್ಲಿದೆ ಎಂದು ಇಂದು ಬೆರಳು ಮಾಡಿ ತೋರಿಸುವವರಿಲ್ಲ. ಹಾಗಾಗಿ ಅವರನ್ನು ನೆನೆಯಬೇಕು ಎನ್ನುವವರು ಅವರು ನಡೆದಾಡಿದ ಊರುಗಳಿಗೆ ಹೋಗುತ್ತಾರೆ: ಅಲ್ಲಿ ಕ್ಯಾಂಡಿಗೆ, ಗೋವಾದಲ್ಲಿ ಬೆನಾವ್ಲಿಗೆ ಮತ್ತು ಸಾಂಕ್ವಾಳಕ್ಕೆ, ಇಲ್ಲಿ ಈ ಬೆಟ್ಟಕ್ಕೆ. ಅವರ ಹಬ್ಬ ಪ್ರತಿ ವರ್ಷ ಜನವರಿ 16.